ಕೆಂಚನ ಸೂತಕ

ಅಜ್ಜಿಯ ಎಲೆಅಡಿಕೆ ಸಂಚಿಯ ಬಾಯಿ ಬಿಚ್ಚಿದರೆ ಇವತ್ತಿಗೂ ಸುಣ್ಣ, ಹೊಗೆಸೊಪ್ಪು, ಒಣಗಿದ ವೀಳ್ಯದೆಲೆ ಮೂರೂ ಸೇರಿದ ಘಾಟು ಮೂಗಿಗೆ ಬಡಿಯುತ್ತದೆ. ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಅದರೊಳಗೆ ಈಗ ಎಲೆಯೂ ಇಲ್ಲ, ಅಡಿಕೆಯೂ ಇಲ್ಲ. ಹೌಸಿ ಆಟದ ಮರದ ಬಿಲ್ಲೆಗಳಿವೆ. ಒಂದರಿಂದ ಇಪ್ಪತ್ತರವರೆಗೆ ಇರಬೇಕಾದ ಬಿಲ್ಲೆಗಳಲ್ಲಿ ಎರಡು ಎಂದು ಬರೆದದ್ದು ಮಾತ್ರ ಇಲ್ಲ. ಅದು ಯಾರ ಹತ್ತಿರ ಇದೆ ಎಂದು ನನಗೆ ಗೊತ್ತು. ಆ ಮನುಷ್ಯ ಇವತ್ತು ನನಗೆ ಫೋನ್ ಮಾಡುತ್ತಾನಂತೆ. ಬೆಳಗಿನಿಂದ ನನಗೆ ಯಾವ ಕೆಲಸವೂ ಕೈಗೆ ಹತ್ತಿಲ್ಲ.

ನಿನ್ನೆ ಚನ್ನರಾಯಪಟ್ಟಣದಿಂದ ಧರಣೇಂದ್ರನ ಮೆಸೇಜು ಬಂತು. "ಆಟದ ಪುಸ್ತಕ ಮತ್ತೆ ಹೊಸ ಆವೃತ್ತಿ ಬಂದಿದೆ, ತರಿಸಿದ್ದೀನಿ. ಸೋಮ ನಾಳೆ ನಿಂಗೆ ಫೋನ್ ಮಾಡ್ತಾನೆ. ಸಂಚಿ ಹುಡುಕಿಟ್ಟಿರು." ಹೊಸ ಆವೃತ್ತಿ ಎಂಬುದಕ್ಕೆ ಎಂದಿನಂತೆ ಮೂಗು ಮುರಿದೆ. ಮುಂದಿನ ಮಾತು ಓದಿ ಕೂತುಬಿಟ್ಟೆ. ಸೋಮ ಫೋನ್ ಮಾಡುವವನಲ್ಲ. ಅವನಿಗೆ ಉಗ್ಗು. ಫೋನಿನಲ್ಲಿ 'ಹಲೋ' ಅನ್ನುವಷ್ಟರಲ್ಲಿ ಆ ಕಡೆಯವರು ರಾಂಗ್ ನಂಬರ್ ಎಂದು ಇಟ್ಟುಬಿಡುತ್ತಾರೆ ಎಂದು ಫೋನನ್ನೇ ಮುಟ್ಟದೆ ಬದುಕಿದವನು. ಅದಕ್ಕಿಂತ ಹೆಚ್ಚಾಗಿ, ಅವನು ನಮ್ಮಿಂದ ಎದ್ದುಹೋಗಿ ವರ್ಷಗಳಾದವು. ಒಳ್ಳೆಯದಕ್ಕೆ ಫೋನ್ ಮಾಡುತ್ತಾನೋ, ಬೈಯುವುದಕ್ಕೋ, ನನಗೇನು ಗೊತ್ತು?

ಈ ಆಟ ನಿಮಗೆ ಗೊತ್ತಿಲ್ಲದಿದ್ದರೆ ಒಂದೆರಡು ಮಾತು ಹೇಳಿಬಿಡುತ್ತೇನೆ. ನಾಲ್ಕೈದು ಜನ ಸುತ್ತ ಕೂರುತ್ತಾರೆ. ಒಬ್ಬರು ಕತೆ ನಡೆಸುತ್ತಾರೆ: ಕೋಟೆ, ಕಾಡು, ರಕ್ಕಸ, ನಿಧಿ. ಮಿಕ್ಕವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ನಾನು ಗೋಡೆ ಹತ್ತುತ್ತೇನೆ, ನಾನು ಮಂತ್ರ ಹಾಕುತ್ತೇನೆ ಎಂದು ಹೇಳುತ್ತ ಹೋಗಬೇಕು. ಆದೀತೋ ಇಲ್ಲವೋ ಎಂಬ ಅನುಮಾನ ಬಂದಾಗ ಇಪ್ಪತ್ತು ಮುಖದ ದಾಳ ಉರುಳಿಸಿ, ಬಿದ್ದ ಸಂಖ್ಯೆಯ ಪ್ರಕಾರ ತೀರ್ಮಾನ; ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು. ನಿಯಮಗಳಿಗೆ ದಪ್ಪ ಪುಸ್ತಕ. ಆ ಪುಸ್ತಕಕ್ಕೆ ಕೆಲವು ವರ್ಷಕ್ಕೊಮ್ಮೆ ಹೊಸ ಆವೃತ್ತಿ. ಕತೆ ನಡೆಸುವವರನ್ನು ನಾವು ಮೂಡಲಪಾಯ ಬಯಲಾಟದ ರೂಢಿಯಲ್ಲಿ 'ಭಾಗವತ' ಎನ್ನುತ್ತಿದ್ದೆವು. ನಮ್ಮ ಭಾಗವತ ಧರಣೇಂದ್ರ.

ಹಾಸನದಲ್ಲಿ ಡಿಗ್ರಿ ಓದುವಾಗ ನಾನು, ಧರಣೇಂದ್ರ, ಬಾಗೂರಿನ ಜಯಣ್ಣ ಒಂದೇ ಕ್ಲಾಸು. ಹಾಸ್ಟೆಲಿನಲ್ಲಿ ಯಾರೋ ಬಿಟ್ಟುಹೋಗಿದ್ದ ಈ ಇಂಗ್ಲಿಷ್ ಪುಸ್ತಕವನ್ನು ಜಯಣ್ಣ ಜೆರಾಕ್ಸ್ ಮಾಡಿಸಿದ. ದಾಳದ ವಿಚಾರವಿದ್ದ ಪುಟ ಜೆರಾಕ್ಸಿನಲ್ಲಿ ಪೂರ್ತಿ ಕಪ್ಪಾಗಿ ಬಂತು; ಮೂಲ ಪುಸ್ತಕವನ್ನು ಅಷ್ಟರೊಳಗೆ ಇನ್ಯಾರೋ ಹಾರಿಸಿದ್ದರು. ಇಪ್ಪತ್ತು ಮುಖದ ದಾಳವನ್ನು ನಾವು ಯಾರೂ ಕಂಡವರಲ್ಲ. ನಮ್ಮ ಮನೆಯ ಹೌಸಿ ಡಬ್ಬಿಯಿಂದ ಇಪ್ಪತ್ತರವರೆಗಿನ ಬಿಲ್ಲೆ ಆರಿಸಿ ಅಜ್ಜಿಯ ಸಂಚಿಗೆ ತುಂಬಿದೆ. ಕೈ ಹಾಕು, ಒಂದು ತೆಗೆ. ಬಂದದ್ದೇ ನಿನ್ನ ಸಂಖ್ಯೆ.

ಇಲ್ಲಿಯೇ ಒಂದು ತಪ್ಪಾಯಿತು. ಹೌಸಿಯಲ್ಲಿ ಎತ್ತಿದ ಬಿಲ್ಲೆಯನ್ನು ಯಾರಾದರೂ ವಾಪಸ್ಸು ಚೀಲಕ್ಕೆ ಹಾಕುತ್ತಾರೆಯೇ? ಹಲಗೆಯ ಮೇಲೆ ಸಾಲಾಗಿ ಜೋಡಿಸುತ್ತಾರೆ. ನಾವೂ ಹಾಗೆಯೇ ಜೋಡಿಸಿದೆವು. ಸಂಚಿ ಬರಿದಾದ ಮೇಲೆ ಮತ್ತೆ ಎಲ್ಲವನ್ನೂ ತುಂಬುವುದು. ದಾಳಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಯಾರೂ ಕೇಳಲಿಲ್ಲ. ನಾನು ಮುಂದೆ ಹೊಳೆನರಸೀಪುರದ ಹತ್ತಿರದ ಹಳೇಕೋಟೆಯ ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆದೆ, ಸಂಭವನೀಯತೆಯ ಪಾಠವನ್ನು ಎಷ್ಟೋ ಸಲ ಮಾಡಿದೆ, ಚೀಲದಿಂದ ಚೆಂಡು ತೆಗೆಯುವ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಿದೆ. ಭಾನುವಾರ ಬಂದರೆ ಅದೇ ಕೈಯಲ್ಲಿ ಸಂಚಿಯಿಂದ ಬಿಲ್ಲೆ ತೆಗೆಯುತ್ತ ಕೂರುತ್ತಿದ್ದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ; ನನ್ನದು ಒಕ್ಕಾಲಿಗೇ ನಿಂತಿತ್ತು.

ಆ ತಪ್ಪಿನಿಂದ ನಮ್ಮ ಆಟಕ್ಕೊಂದು ಸ್ವಭಾವ ಬಂತು. ಯಾವ ಬಿಲ್ಲೆ ಹೋಗಿದೆ, ಯಾವುದು ಒಳಗಿದೆ ಎಂದು ಎಲ್ಲರಿಗೂ ಕಾಣುತ್ತಿತ್ತು. ಒಳ್ಳೆಯವು ಖರ್ಚಾದವೆಂದರೆ ಕೆಟ್ಟವು ಕಾದಿವೆ ಎಂದೇ ಅರ್ಥ. ಅದಕ್ಕೆ ಅಪಾಯದ ಜಾಗಕ್ಕೆ ಮೊದಲು 'ಕೆಟ್ಟದ್ದು ಕಳೆಯುವ' ಪದ್ಧತಿ ಮಾಡಿಕೊಂಡಿದ್ದೆವು. ರಕ್ಕಸನ ಗುಹೆಯ ಬಾಗಿಲಲ್ಲಿ ನಿಂತು ಜಯಣ್ಣನ ಮಂತ್ರವಾದಿ, "ನಾನು ಇಲ್ಲಿ ಬಿದ್ದಿರೋ ಸೂಜಿ ಹುಡುಕ್ತೀನಿ" ಅನ್ನುವನು. ಬಿಲ್ಲೆ ತೆಗೆದರೆ ಒಂದು. ಸೂಜಿ ಸಿಗುವುದಿಲ್ಲ, ಶನಿ ತೊಲಗಿತು ಎಂದು ಎಲ್ಲರಿಗೂ ಖುಷಿ.

ಆಟ ನಡೆಯುತ್ತಿದ್ದದ್ದು ಚನ್ನರಾಯಪಟ್ಟಣದ ಧರಣೇಂದ್ರನ ಮನೆಯ ಪಡಸಾಲೆಯಲ್ಲಿ. ಸ್ಟೀಲು ಪಾತ್ರೆ ಅಂಗಡಿಯವರು, ಜೈನರ ಮನೆ. ಅವನ ತಾಯಿ ಸುಲೋಚನಮ್ಮನವರದು ಎರಡು ಕಟ್ಟುಪಾಡು. ಒಂದು, ಹೊತ್ತು ಮುಳುಗುವ ಮೊದಲು ಊಟ ಆಗಬೇಕು, ಕತೆ ಎಲ್ಲಿರಲಿ ಏಳಬೇಕು. ಇನ್ನೊಂದು, ಅವರ ಮನೆಯಲ್ಲಿ 'ಕೊಂದೆ' ಅನ್ನಬಾರದು.

"ಆಟಕ್ಕೂ ಅನ್ಬ್ಯಾಡಿ ಕಣ್ರಪ್ಪ. ಹಿಟ್ಟಿನ ಕೋಳಿ ಕಡುದ್ರೂ ಪಾಪ ಪಾಪವೇಯ. ಓಡ್ಸಿ, ಸಾಕು."

"ಅಂಗಾರೆ ರಕ್ಕಸನೇ ನಮ್ಮನ್ನ ಕೊಂದ್ರೆ ಏನಮ್ಮ?" ಎಂದು ಜಯಣ್ಣ ಕೇಳಿದ.

"ಅದು ನಿಮ್ ಕರ್ಮ," ಎಂದು ಅವರು ಒಳಗೆ ಹೋದರು.

ಹೀಗೆ ನಮ್ಮ ಆವೃತ್ತಿಯಲ್ಲಿ ರಕ್ಕಸರು ಸಾಯುತ್ತಿರಲಿಲ್ಲ, ಓಡುತ್ತಿದ್ದರು. ಓಡಿದವರು ಯಾವಾಗಲೋ ತಿರುಗಿ ಬರುತ್ತಿದ್ದರು. ನಾವು ಮಾತ್ರ ಸಾಯಬಹುದಿತ್ತು. ಹಳೆಯ ಪುಸ್ತಕ ಆ ವಿಷಯದಲ್ಲಿ ನಿರ್ದಯಿ. ಪಾತ್ರಕ್ಕೆ ಎಣಿಸಿಕೊಟ್ಟ ಉಸಿರು ಸೊನ್ನೆಗೆ ಇಳಿದರೆ ಮುಗಿಯಿತು, ಮತ್ತೆ ಆ ಪಾತ್ರವನ್ನು ಯಾರೂ ಆಡುವ ಹಾಗಿಲ್ಲ.

ಸೋಮ ಬಂದದ್ದು ಆ ಮನೆಯ ಬಾವಿಯ ಮೋಟಾರು ಸುಟ್ಟಾಗ. ಅರಕಲಗೂಡು ಕಡೆಯ ಮಲ್ಲಿಪಟ್ಟಣದವನು. ಆಗ ಚನ್ನರಾಯಪಟ್ಟಣದ ಒಂದು ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮೋಟಾರು ಕೂರಿಸಿ, ಸುಲೋಚನಮ್ಮ ಕೊಟ್ಟ ಮಜ್ಜಿಗೆ ಕುಡಿಯುತ್ತ ಬಾಗಿಲ ಬಳಿ ನಿಂತು ನಮ್ಮನ್ನೇ ನೋಡುತ್ತಿದ್ದ. ಏನು ಕೇಳಿದರೂ ತಲೆಯಾಡಿಸುವುದು, ಇಲ್ಲವೇ ಒಂದಕ್ಷರಕ್ಕೆ ಸಿಕ್ಕಿಕೊಂಡು ಮುಖ ಕೆಂಪಾಗಿ ಸುಮ್ಮನಾಗುವುದು. ನಮ್ಮ ಕತೆಯಲ್ಲಿ ಆಗ ಒಂದು ಕೋಟೆಯ ಬಾಗಿಲು ತೆರೆಯುತ್ತಿರಲಿಲ್ಲ. ಕಾವಲುಗಾರನಿಗೆ ಏನು ಹೇಳುವುದೆಂದು ನಾನೂ ಜಯಣ್ಣನೂ ತಲೆ ಕೆರೆದುಕೊಳ್ಳುತ್ತಿದ್ದೆವು. ಇದ್ದಕ್ಕಿದ್ದಂತೆ ಬಾಗಿಲ ಕಡೆಯಿಂದ ಗಂಟೆ ಹೊಡೆದಂಥ ದನಿ ಬಂತು.

"ಕೇಳ್ರಪ್ಪೋ ಕೇಳಿ! ಕೋಟೆ ಕಾಯೋ ಧಣಿಗಳೇ ಕೇಳಿ! ಹಿಂದ್ಗಡೆ ಬತ್ತಾ ಇರೋದು ಬಡವ್ರಲ್ಲ, ಮಳೆರಾಯನ ದಿಬ್ಬಣ! ಬಾಗ್ಲು ತಗುದ್ರೆ ಊರ್ಗೆಲ್ಲ ಮಳೆ, ಮುಚ್ಚುದ್ರೆ ನಿಮ್ ಬಾವಿ ಬತ್ತೋಯ್ತದೆ!"

ಒಂದು ಕಡೆಯೂ ತಡವರಿಸಲಿಲ್ಲ. ನಮಗಿಂತ ಅವನಿಗೇ ಹೆಚ್ಚು ಆಶ್ಚರ್ಯವಾದ ಹಾಗಿತ್ತು. ಧರಣೇಂದ್ರ ಕೋಟೆಯ ಬಾಗಿಲು ತೆರೆದ. ಸುಲೋಚನಮ್ಮ ಚಾಪೆ ತಂದು ಹಾಸಿದರು. ಹಳೆಯ ಪುಸ್ತಕದ ಕೊನೆಯ ಪುಟದಲ್ಲಿ ಯಾರೂ ಆರಿಸದ ಒಂದು ಪಾತ್ರವಿತ್ತು, ಊರೂರು ಅಲೆದು ಸುದ್ದಿ ಸಾರುವವನದು. ಅದು ಸೋಮನದಾಯಿತು. ಹೆಸರು ಡಂಗೂರದ ಕೆಂಚ.

ಮುಂದೆ ಅವನು ಅರಕಲಗೂಡಿನಲ್ಲಿ ಸ್ವಂತ ಅಂಗಡಿ ಹಾಕಿದ. ಆಟದ ಭಾನುವಾರ ಅಲ್ಲಿಂದ ಬಸ್ಸು ಹತ್ತಿ ನನಗೂ ಒಂದು ಸೀಟು ಹಿಡಿದಿಡುವನು. ನಾನು ಹೊಳೆನರಸೀಪುರದಲ್ಲಿ ಹತ್ತುವೆ. ಬಸ್ಸಿನಲ್ಲಿ ಯಾರಾದರೂ ಮಾತಾಡಿಸಿದರೆ ಅವನು "ಚ... ಚ..." ಎಂದು ನಿಲ್ಲುವನು, ನಾನು "ಚನ್ನರಾಯಪಟ್ಟಣ" ಎಂದು ಮುಗಿಸುವೆ. ಮೇಡಂ ಬುದ್ಧಿ. ಮಕ್ಕಳ ಉತ್ತರವನ್ನು ಮುಗಿಸಿ ಮುಗಿಸಿ ಬಂದ ಚಟ. ಪಡಸಾಲೆಯಲ್ಲಿ ಕೂತು ಕೆಂಚನಾದನೆಂದರೆ ಅವನು ರಾಜರನ್ನು ಬೈಯುವನು, ರಕ್ಕಸರ ಜೊತೆ ವಾದ ಹೂಡುವನು, ನಮ್ಮ ಬಾಯಿ ಮುಚ್ಚಿಸುವನು. ಸೋಮನ ನಾಲಿಗೆ ಕೆಂಚನ ಬಾಯಲ್ಲಿದೆ, ಕೆಂಚ ಸತ್ತರೆ ಅದೂ ಹೋಗುತ್ತದೆ ಎಂದು ನಮಗೆಲ್ಲ ಒಳಗೊಳಗೇ ಭಯ. ಯಾರೂ ಆಡಿ ತೋರಿಸುತ್ತಿರಲಿಲ್ಲ, ಅಷ್ಟೇ.

ಆಮೇಲೆ ಹೊಸ ಆವೃತ್ತಿ ಬಂತು. ಧರಣೇಂದ್ರ ಈ ಸಲ ಅಸಲಿ ಡಬ್ಬಿಯನ್ನೇ ತರಿಸಿದ. ಬಣ್ಣದ ಪುಸ್ತಕ, ಜೊತೆಗೆ ಬೆಟ್ಟದ ನೆಲ್ಲಿಕಾಯಿ ಗಾತ್ರದ ಇಪ್ಪತ್ತು ಮುಖದ ಕೆಂಪು ದಾಳ. ಹಳೆಯದರಲ್ಲಿ ಮಂತ್ರವಾದಿ ಒಂದು ಮಂತ್ರ ಹಾಕಿದರೆ ಮಾರನೆಯ ಬೆಳಗಿನವರೆಗೆ ಬೆಪ್ಪನಂತೆ ಕೂರಬೇಕಿತ್ತು. ಹೊಸದರಲ್ಲಿ ಸಣ್ಣಪುಟ್ಟ ಮಂತ್ರ ಎಷ್ಟು ಬೇಕಾದರೂ. ಹಳೆಯದರಲ್ಲಿ ಕುಳ್ಳರ ಕುಲದವನಿಗೆ ಮಂತ್ರವಿದ್ಯೆ ಇಲ್ಲ. ಹೊಸದರಲ್ಲಿ ಯಾರು ಏನು ಬೇಕಾದರೂ ಆಗಬಹುದು. ಕೊನೆಯ ಪುಟದ ಡಂಗೂರದವನು ಮುಂದಿನ ಸಾಲಿಗೆ ಬಂದಿದ್ದ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಸಾವಿನದು. ಉಸಿರು ಸೊನ್ನೆಗೆ ಇಳಿದರೂ ಸಾಯುವುದಿಲ್ಲ, ಬಿದ್ದಿರುತ್ತಾನೆ. ಹಲವು ಸಲ ದಾಳ ಉರುಳಿಸಿ ಜೀವ ಹಿಡಿದುಕೊಳ್ಳಬಹುದು, ಗೆಳೆಯರು ಓಡಿಬಂದು ಎಬ್ಬಿಸಬಹುದು.

ನನಗೆ ಹಿಡಿಸಲಿಲ್ಲ. ಸಿಲಬಸ್ಸು ಬದಲಾದಾಗಲೆಲ್ಲ ನಾಲ್ಕನೇ ಪಾಠ ಏಳನೆಯದಾಗಿ, ಅದೇ ತ್ರಿಕೋನಕ್ಕೆ ಬೇರೆ ಬಣ್ಣ ಬಳಿದು ಕೊಡುವುದನ್ನು ನೋಡಿದವಳು ನಾನು. "ಸಾಯಕ್ಕೇ ಬಿಡದಿದ್ರೆ ಅದೆಂಥ ಆಟ?" ಎಂದು ಜಗಳ ತೆಗೆದೆ. ಕೊನೆಗೆ ರಾಜಿಯಾಯಿತು: ನಡೆಯುತ್ತಿರುವ ಕತೆ ಮುಗಿಯುವವರೆಗೆ ಹಳೆಯ ನಿಯಮ, ಹಳೆಯ ಸಂಚಿ, ಮುಂದಿನ ಸಲದಿಂದ ಹೊಸದು. ಹಟ ಹಿಡಿದು ಈ ರಾಜಿ ಮಾಡಿಸಿದವಳು ನಾನೇ. ಕತೆಗೆ ಉಳಿದಿದ್ದದ್ದು ಒಂದೇ ಭಾನುವಾರ.

ಆ ಭಾನುವಾರ ಬಸ್ಸು ತಡವಾಯಿತು. ಹೊತ್ತಿನೊಳಗೆ ಮುಗಿಸಬೇಕೆಂದು ಓಡಿಸಿಕೊಂಡು ಆಡಿದೆವು. ಸೂಜಿ ಹುಡುಕುವ ಪುರುಸೊತ್ತು ಇರಲಿಲ್ಲ. ನಾನು ಗೋಡೆ ಹಾರಲು ಹದಿನೆಂಟು ಸುಟ್ಟೆ. ಜಯಣ್ಣ ಒಂದು ಬೀಗ ತೆರೆಯಲು ಇಪ್ಪತ್ತನ್ನೇ ಎತ್ತಿ ಕುಣಿದ. ಕತೆಯಲ್ಲಿ ನಾವು ನಿಧಿ ಹೊತ್ತು ತೂಗುಸೇತುವೆ ದಾಟಬೇಕಿತ್ತು. ಕೆಳಗಿನ ಮಡುವಿನಿಂದ ರಕ್ಕಸ ಎದ್ದ. ಹೋದ ವರ್ಷ ನಾವೇ ಓಡಿಸಿದ್ದ ರಕ್ಕಸ. ಕೆಂಚ ಸೇತುವೆಯ ನಡುವೆ ಅಡ್ಡ ನಿಂತ.

"ನೀವು ದಾಟ್ಕಳಿ. ನಾನು ಇವನ್ನ ಮಾತಲ್ಲಿ ಇಡ್ಕಂಡಿರ್ತೀನಿ."

ನಾವು ದಾಟಿದೆವು. ರಕ್ಕಸ ಮಾತು ಕೇಳುವಷ್ಟು ಕೇಳಿ ಕೈಯೆತ್ತಿದ. ಕೆಂಚನ ಉಸಿರು ಕೊನೆಯದರಲ್ಲಿತ್ತು. ಧರಣೇಂದ್ರ ಪುಸ್ತಕ ನೋಡಿ, ಐದಕ್ಕಿಂತ ಮೇಲೆ ಬಂದರೆ ಹಗ್ಗ ಹಿಡಿದು ಉಳಿದುಕೊಳ್ಳುತ್ತಾನೆ, ಇಲ್ಲದಿದ್ದರೆ ಇಲ್ಲ ಎಂದ. ಎಲ್ಲರ ಕಣ್ಣೂ ಹಲಗೆಯ ಸಾಲಿನ ಮೇಲೆ ಹೋಯಿತು. ಸಂಚಿಯೊಳಗೆ ಉಳಿದಿದ್ದದ್ದು ಮೂರೇ ಬಿಲ್ಲೆ: ಎರಡು, ಮೂರು, ಹತ್ತೊಂಬತ್ತು.

ಆಗ ನನ್ನ ತಲೆಗೆ ಹೊಳೆಯಿತು ನೋಡಿ. ಪಕ್ಕದಲ್ಲೇ ಪ್ಲಾಸ್ಟಿಕ್ ಕವರಿನಲ್ಲಿ ಆ ಕೆಂಪು ದಾಳ ಕೂತಿತ್ತು. ಅದನ್ನು ಉರುಳಿಸಿದರೆ ನಾಲ್ಕರಲ್ಲಿ ಮೂರು ಪಾಲು ಕೆಂಚ ಉಳಿಯುತ್ತಾನೆ. ಸಂಚಿಗೆ ಕೈ ಹಾಕಿದರೆ ಮೂರರಲ್ಲಿ ಎರಡು ಪಾಲು ಸಾಯುತ್ತಾನೆ. ದಾಳಕ್ಕೆ ನೆನಪಿಲ್ಲ, ಮುಂಚೆ ಏನು ಬಿತ್ತು ಎಂಬುದು ಅದಕ್ಕೆ ಬೇಕಾಗಿಲ್ಲ. ಸಂಚಿಗೆ ಎಲ್ಲ ನೆನಪಿದೆ. ಇಷ್ಟು ವರ್ಷ ನಾವು ಆಡಿದ್ದು ಪುಸ್ತಕದ ಆಟವೇ ಅಲ್ಲ.

"ನಿಲ್ಸಿ!" ಎಂದು ಕೂಗಿದೆ. "ನಾವು ಆಡ್ತಿರೋದೇ ತಪ್ಪು. ತೆಗೆದ ಬಿಲ್ಲೆ ವಾಪಸ್ ಹಾಕ್ಬೇಕಿತ್ತು. ಹಳೇ ಪುಸ್ತಕದ ಪ್ರಕಾರವೂ ಇದು ತಪ್ಪು. ದಾಳ ಹಾಕ್ಸು ಧರಣಿ."

"ಹಳೇ ಸಂಚೀನೇ ಅಂದಿದ್ದು ನೀನೇ ಅಲ್ವಾ?" ಎಂದ ಧರಣೇಂದ್ರ. ಅವನ ದನಿಯಲ್ಲೂ ಬಲವಿರಲಿಲ್ಲ.

"ಅಂದಿದ್ದೆ. ಈಗ ಬೇಡ ಅಂತಿದ್ದೀನಿ."

ಜಯಣ್ಣ ದಾಳದ ಕವರು ಹರಿಯತೊಡಗಿದ. "ಮೇಡಮ್ಮೋರು ಲೆಕ್ಕದ ಮೇಷ್ಟ್ರು ಕಣ್ಲಾ, ಅವ್ರೇ ತಪ್ಪು ಅಂದ್ಮೇಲೆ ಮುಗೀತು. ಆಕ್ಲಿ ದಾಳ."

"ಹಂಗಾದ್ರೆ ನೀನು ಬೀಗ ತೆಗೆದ ಇಪ್ಪತ್ತೂ ತಪ್ಪೇ. ಅವಳು ಗೋಡೆ ಹಾರಿದ್ದೂ ತಪ್ಪೇ. ಕೋಟೆ, ನಿಧಿ, ಇಷ್ಟು ವರ್ಷದ ಕತೆ ಎಲ್ಲಾ ತಪ್ಪು. ಅಳಿಸಿಬಿಡ್ಲಾ?" ಧರಣೇಂದ್ರನ ಕಣ್ಣು ತುಂಬಿತ್ತು. ಅವನಿಗೂ ಕೆಂಚ ಸಾಯುವುದು ಬೇಕಿರಲಿಲ್ಲ. ಭಾಗವತನಾದವನು ಎತ್ತಿನ ಕಡೆಯೂ ಇರಬೇಕು, ಗಾಡಿಯ ಕಡೆಯೂ ಇರಬೇಕು.

ಕಿಟಕಿಯಿಂದ ಬಂದ ಬಿಸಿಲು ಗೋಡೆಯ ಮೇಲಕ್ಕೆ ಏರಿ ಕೆಂಪಗಾಗಿತ್ತು. "ಹೊತ್ತಾಯ್ತದೆ, ಏಳ್ರಪ್ಪ," ಎಂದು ಒಳಗಿನಿಂದ ಸುಲೋಚನಮ್ಮ ಕರೆದರು. ಅಕ್ಕಿ ರೊಟ್ಟಿಯ ವಾಸನೆ ಬರುತ್ತಿತ್ತು. ಯಾರೂ ಏಳಲಿಲ್ಲ. ಸೋಮ ನಮ್ಮ ಮೂವರನ್ನೂ ಒಂದು ಸಲ ನೋಡಿ, ಜಯಣ್ಣ ಮುಂದೆ ಹಿಡಿದ ದಾಳವನ್ನು ಅವನ ಕಡೆಗೇ ತಳ್ಳಿದ. ಆಮೇಲೆ ಕೆಂಚನ ದನಿಯಲ್ಲಿ ಮಾತಾಡಿದ.

"ಧಣಿಗಳೇ, ಒಳ್ಳೊಳ್ಳೆವೆಲ್ಲ ನೀವು ತಕ್ಕಂಡು ದಾಟುದ್ರಿ. ಉಳ್ದಿರೋದು ನಂದು. ಆ ಕೆಂಪು ಕಾಯ್ಗೆ ನಾವ್ಯಾರು ಅಂತ ಏನ್ ಗೊತ್ತು? ಈ ಸಂಚಿಗೆ ಗೊತ್ತು."

ಸಂಚಿಗೆ ಕೈ ಹಾಕಿದ. ಮೂರು ಬಿಲ್ಲೆಯ ಸದ್ದು ಕೇಳುತ್ತಿತ್ತು. ಹತ್ತೊಂಬತ್ತು, ಹತ್ತೊಂಬತ್ತು ಎಂದು ನಾನು ಮನಸ್ಸಿನಲ್ಲೇ ಜಪಿಸಿದೆ. ದೇವರಲ್ಲಿ ಅಷ್ಟಾಗಿ ನಂಬಿಕೆ ಇಲ್ಲದವಳು ನಾನು. ಅವನು ಕೈ ತೆಗೆದು ಬಿಲ್ಲೆಯನ್ನು ಹಲಗೆಯ ಮೇಲೆ ಇಟ್ಟ. ಎರಡು.

ಸೋಮ ತಲೆ ತಗ್ಗಿಸಿ ಕೂತಿದ್ದ. ಇನ್ನು ಇವನು ಎದ್ದುಹೋಗುತ್ತಾನೆ, ಇವನ ಮಾತು ಇವತ್ತಿಗೆ ಮುಗಿಯಿತು ಎಂದುಕೊಂಡೆ. ಆಗ ಅವನ ತುಟಿ ಅಲುಗಿತು.

"ಕೇ... ಕೇ..."

ಕೆಂಚನ ದನಿಯಲ್ಲ. ಬಸ್ಸಿನ ಸೋಮನ ದನಿ.

"ಕೇ... ಕೇ... ಕೇಳ್ರಪ್ಪೋ..."

ಅವನು ಕೆಂಚನ ಸಾವನ್ನು ಸಾರುತ್ತಿದ್ದ. ಸತ್ತ ಸುದ್ದಿಯನ್ನು ಊರಿಗೆ ಯಾರಾದರೂ ಸಾರಲೇಬೇಕಲ್ಲ. ಸಾರುವವನೇ ಸತ್ತರೆ ಮಿಕ್ಕವನು ಸೋಮನೊಬ್ಬನೇ. ಒಂದೊಂದು ಅಕ್ಷರಕ್ಕೂ ಕುತ್ತಿಗೆಯ ನರ ಉಬ್ಬುತ್ತಿತ್ತು. "ಡ... ಡ..." ಎಂದು ನಿಂತಾಗ ನನ್ನ ಬಾಯಿ ತನ್ನಷ್ಟಕ್ಕೆ 'ಡಂಗೂರದ' ಎಂದು ಮುಗಿಸಲು ತೆರೆಯಿತು. ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಸುಲೋಚನಮ್ಮ ನನ್ನ ಕಡೆ ನೋಡಿ ಬೆರಳೆತ್ತಿದರು. ನಾನು ಬಾಯಿ ಮುಚ್ಚಿದೆ.

"ಡ... ಡಂಗೂರದ ಕೆಂಚ ಸ... ಸತ್ತೋದ. ಸೇ... ಸೇತ್ವೆ ಮ್ಯಾಲೆ ಸತ್ತ. ಅವ್ನ್ ಹಿಂದಿದ್ದೋರು ದಾ... ದಾ... ದಾಟ್ಕಂಡ್ರು."

ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಗೋಡೆಯ ಮೇಲಿನ ಬಿಸಿಲು ಪೂರ್ತಿ ಹೋಗಿತ್ತು. ಸುಲೋಚನಮ್ಮ ಹಿಡಿದಿದ್ದ ತಟ್ಟೆಯನ್ನು ಒಳಗಿಟ್ಟು ಬಂದು, ದೀಪದ ಸ್ವಿಚ್ಚು ಹಾಕಿದರು. "ನೀವು ಉಣ್ರಪ್ಪ, ರೊಟ್ಟಿ ಆರೋಗ್ತದೆ. ನಂದು ಇವತ್ತಿಗೆ ಆಯ್ತು," ಎಂದರು. ಹೊತ್ತು ಮುಳುಗಿದ್ದರಿಂದ ಅವರು ಒಂದು ಗುಟುಕು ನೀರನ್ನೂ ಮುಟ್ಟಲಿಲ್ಲ. ಏಳಿ ಎಂದು ಅವರು ಎರಡನೇ ಸಲ ಕರೆದೇ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಬಸ್ಸಿನಲ್ಲಿ.

ಮುಂದಿನ ಭಾನುವಾರ ಸೋಮ ಬರಲಿಲ್ಲ. ಎರಡರ ಬಿಲ್ಲೆ ಸಂಚಿಯಲ್ಲಿರಲಿಲ್ಲ. ಹೊಸ ಆವೃತ್ತಿಯನ್ನು ಮೂವರೇ ಒಂದಷ್ಟು ಸಲ ಆಡಿದೆವು. ಯಾರೂ ಸಾಯಲಿಲ್ಲ, ಯಾರಿಗೂ ಬೇಕೆನಿಸಲೂ ಇಲ್ಲ. ಡಬ್ಬಿ ಅಟ್ಟ ಸೇರಿತು. ಕೋಪಕ್ಕೆ ನಾನು ಒಂದಷ್ಟು ಕಾಲ ಧರಣೇಂದ್ರನ ಅಂಗಡಿಯಲ್ಲಿ ಒಂದು ಸೌಟನ್ನೂ ಕೊಳ್ಳಲಿಲ್ಲ, ಅದರಿಂದ ಅವನಿಗೆ ಏನೂ ಆಗಲಿಲ್ಲ. ಅರಕಲಗೂಡಿನ ಕಡೆ ಹೋದಾಗ ಸೋಮನ ಅಂಗಡಿಯ ಮುಂದೆ ನಡಿಗೆ ನಿಧಾನ ಮಾಡಿ, ಒಳಗೆ ಹೋಗಲು ಧೈರ್ಯವಾಗದೆ ಮುಂದೆ ಹೋಗಿದ್ದೇನೆ.

ಈಗಷ್ಟೇ ಹಾಲನ್ನು ಒಲೆಯ ಮೇಲಿಟ್ಟಿದ್ದೆ. ಫೋನ್ ಹೊಡೆಯಿತು. ಎತ್ತಿದೆ. ಆ ಕಡೆ ಸದ್ದೇ ಇಲ್ಲ. ಹಲೋ ಎನ್ನಬೇಕೆಂದುಕೊಂಡವಳು ಅದನ್ನೂ ನುಂಗಿ ಕಾದೆ.

"ಮೇ... ಮೇ... ಮೇಡಂ."

"ಹೇಳು ಸೋಮ."

ಅವನು ಹೇಳಿದ. ಬರುವ ಭಾನುವಾರ ಆಟ ಇದೆಯಂತೆ. ಹೊಸ ಪುಸ್ತಕ ಪೂರ್ತಿ ಓದಿದ್ದಾನಂತೆ. ಈ ಸಲ ಭಾಗವತ ಅವನೇ ಅಂತೆ. ರಾಜನ ಮಾತು, ರಕ್ಕಸನ ಮಾತು, ಕಾವಲುಗಾರನ ಮಾತು ಎಲ್ಲವನ್ನೂ ಅವನೇ ಆಡಬೇಕು. ಇಡೀ ಮಧ್ಯಾಹ್ನ ಅವನೇ ಮಾತಾಡಬೇಕು. ಸುಲೋಚನಮ್ಮ ಬೇಗ ಶುರುಮಾಡಿ ಎಂದಿದ್ದಾರಂತೆ. ಒಂದೊಂದು ಮಾತಿಗೂ ಹಳೆಯ ಹಾಗೆಯೇ ಸಿಕ್ಕಿಕೊಳ್ಳುತ್ತಿದ್ದ. ನನಗೆ ಹಾಲು ಏರುತ್ತಿರುವುದು ಕಾಣುತ್ತಿತ್ತು. ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

"ಇಷ್ಟು ದಿನ ಯಾಕೋ ಬರ್ಲಿಲ್ಲ?" ಎಂದು ಕೇಳಿಯೇಬಿಟ್ಟೆ.

"ಕೆ... ಕೆಂಚನ ಸೂ... ಸೂತ್ಕ ಇತ್ತಲ್ಲ ಮೇಡಂ. ಈಗ ಕ... ಕಳೀತು."

ನನಗೆ ನಗುವೂ ಬಂತು, ಅಳುವೂ ಬಂತು. ಅವನು ಮತ್ತೆ ಶುರುಮಾಡಿದ.

"ಆ ಎ... ಎ..."

ಎರಡು. ಅವನು ಹೇಳಹೊರಟಿದ್ದು ಎರಡು ಎಂಬುದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹಲ್ಲು ಕಚ್ಚಿ ನಿಂತೆ. ಹಾಲು ಉಕ್ಕಿತು, ಬರ್ನರು ಆರಿತು, ನಾಬು ತಿರುಗಿಸಿ ನಿಂತೇ ಇದ್ದೆ.

"ಎ... ಎರಡು ನನ್ ತಾವೇ ಅದೆ. ತ... ತತ್ತೀನಿ. ಸಂಚಿಗೆ ಆಕ್ಬುಡಿ."

"ದಾಳ ಇದೆಯಲ್ಲೋ ಈಗ?"

"ದಾ... ದಾಳ ಬ್ಯಾಡ. ಸಂಚೀನೇ ಇರ್ಲಿ. ಆ ಎ... ಎರಡು ಯಾ... ಯಾರಿಗಾರ ಬರ್ಬೇಕಲ್ವಾ ಮೇಡಂ?"

ಬರಬೇಕು ಎಂದೆ. ಫೋನಿಟ್ಟ ಮೇಲೆ ಒಲೆಯ ಮೇಲೆ ಹರಿದ ಹಾಲನ್ನು ಒರೆಸಿದೆ. ಸಂಚಿಯನ್ನು ಬಿಸಿಲಿಗೆ ಹಾಕಿದರೆ ಘಾಟು ಹೋದೀತು ಎಂದು ತೆಗೆದುಕೊಂಡು ಹೊರಟವಳು, ಬೇಡವೆನಿಸಿ ಹಾಗೆಯೇ ಬ್ಯಾಗಿಗೆ ಹಾಕಿದೆ.